ಡೇಸ್ ಆಫ್ ಫ್ಯೂಚರ್ ಪಾಸ್ಡ್: 1967ರ ಆಲ್ಬಮ್ ಜನ ಇವತ್ತಿಗೂ ಯಾಕೆ ಕೇಳುತ್ತಾರೆ?

ಬ್ರಿಟನ್ನಿನ ರಾಕ್ ಬ್ಯಾಂಡು ಮೂಡಿ ಬ್ಲೂಸ್‌ನ ಈ ಆಲ್ಬಮ್ಮನ್ನು ಎಲ್ಲರೂ ಹೊಗಳುತ್ತಾರೆ ಅಂತ ಹಾಕಿದೆ, ಹಳೇ ಹಾಲಿವುಡ್ ಸಿನಿಮಾದ ಟೈಟಲ್ ಮ್ಯೂಸಿಕ್ ಥರ ಇತ್ತು, ಐದು ನಿಮಿಷಕ್ಕೇ ನಿಲ್ಲಿಸಿದೆ, ಇದರಲ್ಲಿ ಅಂಥದ್ದೇನಿದೆ ಅಂತ ಕೇಳಿದ್ದೀರಿ. ನಿಮ್ಮ ಕಿವಿ ಸರಿಯಾಗೇ ಇದೆ. ಆ ಮೊದಲ ಭಾಗ ನನಗೂ ಅಷ್ಟಕ್ಕಷ್ಟೇ. ಆದರೆ ನೀವು ನಿಲ್ಲಿಸಿದ್ದು ಬ್ಯಾಂಡು ಇನ್ನೇನು ಬರಬೇಕು ಅನ್ನೋ ಹೊತ್ತಿಗೆ.

ಆರ್ಕೆಸ್ಟ್ರಾ ಮತ್ತು ರಾಕ್ ಬ್ಯಾಂಡ್ ಒಂದಾದ ಆಲ್ಬಮ್ ಅಂತ ಇದಕ್ಕೆ ಹೆಸರು. ನಿಜ ಹೇಳಬೇಕೆಂದರೆ ಅವರಿಬ್ಬರೂ ಒಟ್ಟಿಗೆ ಕೂತು ನುಡಿಸಿದ್ದೇ ಇಲ್ಲ. ಬ್ಯಾಂಡಿನವರು ಮೊದಲು ತಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿದರು. ಆಮೇಲೆ ಪೀಟರ್ ನೈಟ್ ಅನ್ನುವವರು ಆ ಹಾಡುಗಳ ಧಾಟಿಗಳನ್ನೇ ಎತ್ತಿಕೊಂಡು, ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ತುಣುಕುಗಳನ್ನು ಬರೆದು ಆರ್ಕೆಸ್ಟ್ರಾದಿಂದ ನುಡಿಸಿದರು. ಇವರ ರೆಕಾರ್ಡ್ ಕಂಪನಿ ಡೆಕ್ಕಾ ತನ್ನ ಹೊಸ ಸ್ಟೀರಿಯೋ ತೋರಿಸಿಕೊಳ್ಳೋಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರ ದ್ವೋರ್ಜಾಕ್‌ನ ನ್ಯೂ ವರ್ಲ್ಡ್ ಸಿಂಫನಿಯನ್ನು ರಾಕ್ ಮಾಡಿಕೊಡಿ ಅಂದಿತ್ತು, ಇವರು ಸ್ವಂತ ಹಾಡು ಹಾಡಿ ಬಂದರು ಅನ್ನೋದು ಬ್ಯಾಂಡಿನವರು ಹೇಳುತ್ತ ಬಂದ ಕಥೆ. ಚೆನ್ನಾಗಿದೆ, ಆದರೆ ಆಗ ಜೊತೆಗಿದ್ದ ಎಲ್ಲರೂ ಅದನ್ನು ಒಪ್ಪುವುದಿಲ್ಲ.

ನನ್ನ ಪ್ರಕಾರ ಈ ಆಲ್ಬಮ್ಮನ್ನು ಉಳಿಸಿದ್ದು ಆರ್ಕೆಸ್ಟ್ರಾ ಅಲ್ಲ, ಮೆಲೋಟ್ರಾನ್. ನೋಡೋಕೆ ಅದೊಂದು ಕೀಬೋರ್ಡ್. ಒಳಗೆ ಪ್ರತಿ ಮನೆಯ (ಬೆರಳಿಂದ ಒತ್ತುವ ಕೀ) ಕೆಳಗೂ ಒಂದೊಂದು ಟೇಪಿನ ತುಂಡು ಇರುತ್ತದೆ, ಅದರಲ್ಲಿ ನಿಜವಾದ ಪಿಟೀಲೋ ಕೊಳಲೋ ಒಂದೇ ಸ್ವರ ನುಡಿಸಿರುತ್ತದೆ. ಮನೆ ಒತ್ತಿದರೆ ಟೇಪು ಓಡುತ್ತದೆ. ಸುಮಾರು ಎಂಟು ಸೆಕೆಂಡಿಗೆ ಟೇಪು ಮುಗಿದು ದನಿ ನಿಂತುಹೋಗುತ್ತದೆ, ಬೆರಳು ಎತ್ತಿದರೆ ಸ್ಪ್ರಿಂಗು ಅದನ್ನು ವಾಪಸ್ ಎಳೆಯುತ್ತದೆ. ಹಾಗಾಗಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಒಂದೇ ಸ್ವರ ಹಿಡಿದು ಕೂರೋಕೆ ಆಗಲ್ಲ. ಟೇಪಿನ ವೇಗವೂ ಸ್ವಲ್ಪ ಆಚೀಚೆ ಆಗುತ್ತಿರುತ್ತದೆ, ದನಿ ಸಣ್ಣಗೆ ನಡುಗುತ್ತದೆ. ಬ್ಯಾಂಡಿನ ಮೈಕ್ ಪಿಂಡರ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ಯಂತ್ರ ಮಾಡುವ ಸ್ಟ್ರೀಟ್ಲಿ ಎಲೆಕ್ಟ್ರಾನಿಕ್ಸ್‌ನಲ್ಲೇ ಕೆಲಸ ಮಾಡಿದ್ದವರು. ಅದರ ತಂಟೆ ತಕರಾರು ಎಲ್ಲ ಗೊತ್ತಿದ್ದ ಆಸಾಮಿ.

ಈಗ ಆಲ್ಬಮ್ಮಿನ ಕೊನೆಯ ಹಾಡು 'ನೈಟ್ಸ್ ಇನ್ ವೈಟ್ ಸ್ಯಾಟಿನ್' ಹಾಕಿ. ಬ್ಯಾಂಡಿನ ಜಸ್ಟಿನ್ ಹೇವರ್ಡ್ ಹಾಡುವಾಗ ಹಿಂದೆ ಪಿಟೀಲಿನ ದೊಡ್ಡ ಗುಂಪೇ ಇದೆ ಅನ್ನಿಸುತ್ತದೆ ಅಲ್ವಾ? ಅದು ಆರ್ಕೆಸ್ಟ್ರಾ ಅಲ್ಲ, ಪಿಂಡರ್ ಒಬ್ಬರೇ. ನಿಜವಾದ ಆರ್ಕೆಸ್ಟ್ರಾ ಮುಖ್ಯವಾಗಿ ಬರೋದು ಕೊನೆಗೆ, ಹಾಡು ಮುಗಿಯುವ ಹೊತ್ತಿಗೆ. ನನಗೆ ಆ ಯಂತ್ರದ ಪಿಟೀಲಿನಲ್ಲೇ ದುಃಖ ಜಾಸ್ತಿ ಕೇಳಿಸುತ್ತದೆ. ಮಧ್ಯದಲ್ಲಿ ಬರುವ ಕೊಳಲು ಮಾತ್ರ ಅಸಲಿ, ಬ್ಯಾಂಡಿನವರೇ ಆದ ರೇ ಥಾಮಸ್ ಊದಿದ್ದು.

ಗಿಟಾರ್ ಗೊತ್ತಿದ್ದರೆ ಬಾರಿಸಿ ನೋಡಿ: ಇ ಮೈನರ್, ಡಿ, ಮತ್ತೆ ಇ ಮೈನರ್, ಡಿ. ಆಮೇಲೆ ಸಿ, ಜಿ, ಎಫ್, ವಾಪಸ್ ಇ ಮೈನರ್. ಆ ಎಫ್ ಇದೆಯಲ್ಲ, ಅದು ಈ ಸ್ಕೇಲಿಗೆ ಸೇರಿದ್ದೇ ಅಲ್ಲ. ಕರ್ನಾಟಕ ಸಂಗೀತ ಕೇಳುವವರಾದರೆ ಹೀಗೆ ಅಂದುಕೊಳ್ಳಿ: ನಟಭೈರವಿಯ ಸ್ವರಗಳಲ್ಲಿ ಆರಾಮಾಗಿ ಹೋಗುತ್ತಿದ್ದವನು ಇದ್ದಕ್ಕಿದ್ದಂತೆ ಶುದ್ಧ ರಿಷಭ ಮುಟ್ಟಿ ಷಡ್ಜಕ್ಕೆ ಬಂದು ಕೂರುತ್ತಾನೆ. ಹೊಟ್ಟೆಯೊಳಗೆ ಏನೋ ಜಾರಿದ ಹಾಗೆ ಆಗೋದು ಅಲ್ಲೇ. ಇದನ್ನು ಬರೆದಾಗ ಹೇವರ್ಡ್‌ಗೆ 19 ವರ್ಷ! ಗೆಳತಿ ಒಬ್ಬಳು ಸ್ಯಾಟಿನ್ ಹಾಸಿಗೆ ಹೊದಿಕೆ ಉಡುಗೊರೆ ಕೊಟ್ಟಿದ್ದಳಂತೆ, ಅಲ್ಲಿಂದ ಹುಟ್ಟಿದ ಹಾಡು.

ಒಂದು ಮಜಾ ಇದೆ. ಬಿಡುಗಡೆಯಾದಾಗ ಈ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ಕ್ಕೆ ನಿಂತಿತ್ತು. 1972ರಲ್ಲಿ ಅಮೆರಿಕದಲ್ಲಿ ಮತ್ತೆ ಎದ್ದು ಬಂದು ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಯಿತು, ಐದು ವರ್ಷ ಹಳೆಯ ಆಲ್ಬಮ್ಮು ಅಲ್ಲಿ 3ಕ್ಕೆ ಏರಿತು. ಅಷ್ಟರಲ್ಲಿ ಪ್ರೋಗ್ರೆಸಿವ್ ರಾಕ್ ಅನ್ನೋದು ಮನೆಮಾತಾಗಿತ್ತು. ಉದ್ದುದ್ದ ಹಾಡು, ಒಂದೇ ವಿಷಯದ ಮೇಲೆ ಇಡೀ ಆಲ್ಬಮ್, ಇದಕ್ಕೆಲ್ಲ ಕಿವಿ ಪಳಗಿತ್ತು.

ಇಲ್ಲಿನ ವಿಷಯವಂತೂ ಬಹಳ ಸರಳ. ಒಂದು ದಿನ, ಅಷ್ಟೇ. ನಸುಕು, ಬೆಳಿಗ್ಗೆ, ಊಟದ ಬಿಡುವು, ಮಧ್ಯಾಹ್ನ, ಸಂಜೆ, ರಾತ್ರಿ. ರಾಜರ ಕಥೆ ಇಲ್ಲ, ಅನ್ಯಗ್ರಹ ಇಲ್ಲ. ಆಮೇಲೆ ಬಂದ ಎಷ್ಟೋ ಬ್ಯಾಂಡುಗಳು ಕಥೆ ಹೇಳೋಕೆ ಹೋಗಿ ತಾವೂ ಸಿಕ್ಕಿಹಾಕಿಕೊಂಡು ನಮ್ಮನ್ನೂ ಸಿಕ್ಕಿಹಾಕಿಸಿದ್ದು ನೆನೆಸಿಕೊಂಡರೆ, ಇದು ಎಷ್ಟು ಜಾಣತನ ಅನ್ನಿಸುತ್ತದೆ. ಡ್ರಮ್ಮರ್ ಗ್ರೇಮ್ ಎಡ್ಜ್ ಬರೆದ ಪದ್ಯಗಳನ್ನು ಪಿಂಡರ್ ಗಂಭೀರವಾಗಿ ಓದುವುದು ಮಾತ್ರ ಇವತ್ತಿಗೆ ಸ್ವಲ್ಪ ನಾಟಕ ಅನ್ನಿಸಬಹುದು. ನನಗೆ ಹಾಗೇ ಅನ್ನಿಸುತ್ತದೆ, ಆದರೂ ಅದನ್ನು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ.

ಇನ್ನೊಂದು ಸಲ ಕೇಳುವುದಾದರೆ ಮೊದಲಿಂದ ಶುರು ಮಾಡಬೇಡಿ. 'ಟ್ಯೂಸ್‌ಡೇ ಆಫ್ಟರ್‌ನೂನ್' ಹಾಕಿ, ಅಲ್ಲಿಂದ ಕೊನೆಯವರೆಗೆ ಬಿಡದೆ ಕೇಳಿ, ಹೆಡ್‌ಫೋನ್ ಇದ್ದರೆ ಒಳ್ಳೆಯದು. ಸಿಡಿ ಕೊಳ್ಳುವುದಾದರೆ 2017ರ 50ನೇ ವರ್ಷದ ಆವೃತ್ತಿ ಹುಡುಕಿ. ಮೂಲ ಟೇಪು ಹಾಳಾಗಿ 1978ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದ್ದರು, ಎಷ್ಟೋ ವರ್ಷ ಸಿಡಿಗಳಲ್ಲಿ ಬಂದದ್ದು ಅದೇ. 2017ರದ್ದರಲ್ಲಿ 1967ರ ಮಿಕ್ಸ್ ಇದೆ. ಆರ್ಕೆಸ್ಟ್ರಾ ಆಗಲೂ ಸಹಿಸೋಕೆ ಆಗದಿದ್ದರೆ, ಇವರದೇ 1968ರ 'ಇನ್ ಸರ್ಚ್ ಆಫ್ ದಿ ಲಾಸ್ಟ್ ಕಾರ್ಡ್'ಗೆ ಹೋಗಿ. ಅದರಲ್ಲಿ ಆರ್ಕೆಸ್ಟ್ರಾನೇ ಇಲ್ಲ, ಎಲ್ಲ ವಾದ್ಯವನ್ನೂ ಇವರೇ ನುಡಿಸಿದ್ದಾರೆ, ಸಿತಾರ್ ಕೂಡ.