ಹಳೆಯ ಹಾರ್ಡ್‌ಡಿಸ್ಕನ್ನು ಬಿಚ್ಚಿಡಿ, ವಿಂಡೋಸ್ ಮಾತು ಆಮೇಲೆ

ಮಾನ್ಯರೇ,

2012ರಲ್ಲಿ ಕೊಂಡ ಕಂಪ್ಯೂಟರ್ ಸಿಂಧನೂರಿನ ತಮ್ಮ ಮನೆಯಲ್ಲಿದೆ. ಎರಡನೇ ಪೀಳಿಗೆಯ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್ ಮತ್ತು ವಿಂಡೋಸ್ 7 ಇದೆ. ಮಗಳು ಅರ್ಜಿ ತುಂಬಬೇಕಾದ ವೆಬ್‌ಸೈಟ್‌ಗಳು ಅದರಲ್ಲಿ ತೆರೆಯುತ್ತಿಲ್ಲ. ಹೀಗಾಗಿ ವಿಂಡೋಸ್ 11 ಹಾಕಿಸಬಹುದೇ, ಹಾಕಿಸಿದರೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಹತ್ತು ವರ್ಷಗಳ ಕಡತಗಳು ಉಳಿಯುತ್ತವೆಯೇ ಎಂದು ಕೇಳಿದ್ದೀರಿ. ನಾನು ರಾಯಚೂರಿನ ಕೃಷಿ ಮಾರುಕಟ್ಟೆಯಾದ ಗಂಜ್ ಹತ್ತಿರ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ನಡೆಸುವವನು. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ, ಆದರೆ ಇದೇ ವಯಸ್ಸಿನ ಎರಡು ಯಂತ್ರಗಳನ್ನು ಇಂದಿಗೂ ದುಡಿಸುತ್ತಿರುವುದರಿಂದ, ಕೈ ಸುಟ್ಟುಕೊಂಡು ಕಲಿತಷ್ಟನ್ನು ಹೇಳಬಲ್ಲೆ.

ವಿಂಡೋಸ್ 11 ತಮ್ಮ ಯಂತ್ರದಲ್ಲಿ ಕೂರುತ್ತದೆ, ಆದರೆ ಕೂರಿಸಬೇಡಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇಂಟೆಲ್‌ನದಾದರೆ ಕನಿಷ್ಠ ಎಂಟನೇ ಪೀಳಿಗೆಯ ಪ್ರೊಸೆಸರೂ ಇರಬೇಕೆಂಬುದು ಮೈಕ್ರೋಸಾಫ್ಟ್‌ನ ನಿಯಮ. ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್ ತಯಾರಿಸುವಾಗ ಈ ತಪಾಸಣೆಯನ್ನು ತಪ್ಪಿಸಬಹುದು, ಅಂಗಡಿಗಳಲ್ಲಿ ಹಾಕಿಕೊಡುವುದೂ ಹೀಗೆಯೇ. ಹಾಗೆ ಹಾಕಿದ ಯಂತ್ರಕ್ಕೆ ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಇಳಿಯುವುದಿಲ್ಲ. ಪ್ರತಿ ಸಲವೂ ಯಾರಾದರೂ ಕುಳಿತು ಇದೇ ಉಪಾಯವನ್ನು ಮತ್ತೆ ಮಾಡಬೇಕು. ಪರವಾನಗಿಯ ಪ್ರಶ್ನೆಯೂ ಇದೆ. ವಿಂಡೋಸ್ 7ರ ಕೀಲಿ ಸಂಖ್ಯೆಯನ್ನೇ ಕೊಟ್ಟು ಹೊಸದನ್ನು ಉಚಿತವಾಗಿ ಪಡೆಯುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಆಮೇಲೆ ಉಳಿದದ್ದು ಹಣ ಕೊಟ್ಟು ಕೊಳ್ಳುವುದು, ಇಲ್ಲವೇ ‘ಆಕ್ಟಿವೇಟರ್’ ಎಂಬ ಕಳ್ಳದಾರಿ. ಮಗಳ ಆಧಾರ್, ಬ್ಯಾಂಕ್ ವಿವರಗಳನ್ನು ತುಂಬುವ ಯಂತ್ರದಲ್ಲಿ ಯಾರು ಬರೆದರೆಂದೇ ತಿಳಿಯದ ಅಂಥ ತಂತ್ರಾಂಶವನ್ನು ಓಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ವಿಂಡೋಸ್ 10 ಹಾಕಿಸಿ ಎಂದು ಹೇಳುವವರೂ ಸಿಗುತ್ತಾರೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಭದ್ರತಾ ತಿದ್ದುಪಡಿಗಳು ದೊರೆಯುವ ಅವಧಿ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಅಷ್ಟರ ಸಲುವಾಗಿ ಈಗ ಹೊಸದಾಗಿ ಪರವಾನಗಿ ಕೊಳ್ಳುವುದು ದಂಡ.

ತಮ್ಮ ತೊಂದರೆ ಎರಡು, ಎರಡರ ಕಾರಣವೂ ಬೇರೆ. ವೆಬ್‌ಸೈಟ್‌ಗಳು ತೆರೆಯದಿರುವುದಕ್ಕೆ ಕಾರಣ ಬ್ರೌಸರ್: ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ 109ನೇ ಆವೃತ್ತಿ, 2023ರ ಫೆಬ್ರವರಿಯ ನಂತರದ್ದು ಅದರಲ್ಲಿ ಕೂರುವುದಿಲ್ಲ. ಯಂತ್ರ ನಿಧಾನವಾಗಿರುವುದಕ್ಕೆ ಕಾರಣ ಹಾರ್ಡ್‌ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ, ಆಪರೇಟಿಂಗ್ ಸಿಸ್ಟಮ್ ಏಳುವಾಗ ಹೀಗೆ ಸಾವಿರಾರು ಸಲ ಸರಿಯಬೇಕು. ಹಾರ್ಡ್‌ಡಿಸ್ಕ್ ಬದಲು ಹಾಕುವ, ಚಿಪ್‌ಗಳಲ್ಲಿ ಕಡತ ಇಡುವ ಎಸ್‌ಎಸ್‌ಡಿಯಲ್ಲಿ ಸರಿಯುವ ವಸ್ತುವೇ ಇಲ್ಲ. ತಮ್ಮ ಕಾಲದ ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ಹಳೆಯ ಸಾಟಾ 2 ಕನೆಕ್ಷನ್ ಇರುವುದರಿಂದ ಸೆಕೆಂಡಿಗೆ 300 ಎಂಬಿಗಿಂತ ಹೆಚ್ಚು ವೇಗ ಬರುವುದಿಲ್ಲ, ಡಬ್ಬದ ಮೇಲೆ 500 ಎಂದು ಬರೆದಿದ್ದರೂ ಅಷ್ಟೇ. ಆದರೂ ನನ್ನ ಅಂಗಡಿಯ ಯಂತ್ರ ನಾಲ್ಕು ನಿಮಿಷದ ಬದಲು ಅರ್ಧ ನಿಮಿಷದಲ್ಲಿ ಏಳತೊಡಗಿತು. ಆದ್ದರಿಂದ ಮೊದಲ ಖರ್ಚು 240 ಅಥವಾ 256 ಜಿಬಿಯ ಒಂದು ಎಸ್‌ಎಸ್‌ಡಿ, ಎರಡನೆಯದು ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್. ಎರಡನೆಯದನ್ನು ಹಳೆಯ ಮಾಲಿನಲ್ಲಿ ಕೊಂಡರೂ ನಡೆಯುತ್ತದೆ.

ಈಗ ನಿಜವಾಗಿ ಹೇಳಬೇಕಾದ ಮಾತು. ಎಸ್‌ಎಸ್‌ಡಿ ಬಂದ ದಿನ, ಹಳೆಯ ಹಾರ್ಡ್‌ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸದೆ, ಅದರಲ್ಲಿ ಏನನ್ನೂ ಅಳಿಸದೆ, ಎರಡೂ ಕೇಬಲ್ ಕಿತ್ತು ಪಕ್ಕಕ್ಕಿಡಿ. ಸಿಸ್ಟಮ್ ಹಾಕುವವರು “ಡಿ ಡ್ರೈವ್ ಮುಟ್ಟುವುದಿಲ್ಲ ಸರ್, ಸಿ ಮಾತ್ರ ಹೊಡೀತೀವಿ” ಎಂದು ಧೈರ್ಯ ಹೇಳುತ್ತಾರೆ. ಡೆಸ್ಕ್‌ಟಾಪ್ ಮೇಲೆ ಕಾಣುವ ಕಡತಗಳೂ ‘ಮೈ ಡಾಕ್ಯುಮೆಂಟ್ಸ್’ ಒಳಗಿನವೂ ಸಿ ಡ್ರೈವ್‌ನಲ್ಲಿಯೇ ಇರುತ್ತವೆ ಎಂಬುದು ಅರ್ಧ ಜನಕ್ಕೆ ತಿಳಿದಿರುವುದಿಲ್ಲ. ಸಾಲದ್ದಕ್ಕೆ, ವಿಂಡೋಸ್ ಹಾಕುವಾಗ ಬರುವ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. ‘ಡ್ರೈವ್ 0 ಪಾರ್ಟಿಷನ್ 2’ ಎಂಬಂಥ ಸಂಖ್ಯೆಗಳಷ್ಟೇ ಕಾಣುತ್ತವೆ. 2019ರಲ್ಲಿ ನಾನೇ, ಎರಡು ಡಿಸ್ಕ್‌ಗಳನ್ನೂ ಜೋಡಿಸಿಟ್ಟುಕೊಂಡು, ಗಿರಾಕಿಗಳು ಎದುರಿಗೆ ಕಾಯುತ್ತಿರುವಾಗ ಅವಸರದಲ್ಲಿ ಬೇರೆ ಸಂಖ್ಯೆಯನ್ನು ಒತ್ತಿ, ನಾಲ್ಕು ವರ್ಷಗಳ ಅರ್ಜಿ, ಕರಾರುಪತ್ರಗಳ ಕರಡುಗಳನ್ನು ಕಳೆದುಕೊಂಡೆ. ಬಿಚ್ಚಿಟ್ಟ ಡಿಸ್ಕನ್ನು ಯಾವ ಅವಸರವೂ ಅಳಿಸಲಾರದು. ಹೊಸದು ಹಿಡಿಸದಿದ್ದರೆ ಅದೇ ಡಿಸ್ಕನ್ನು ಮತ್ತೆ ಸಿಕ್ಕಿಸಿ, ನಿನ್ನೆ ಇದ್ದ ಹಾಗೆಯೇ ಕಂಪ್ಯೂಟರ್ ಏಳುತ್ತದೆ. ಆದರೂ ಅದು ಹದಿಮೂರು ವರ್ಷ ದಾಟಿದ ಡಿಸ್ಕ್, ತಾನಾಗಿಯೇ ಸಾಯಬಹುದು; ಕಡತಗಳ ಒಂದು ನಕಲು ಪೆನ್‌ಡ್ರೈವ್‌ನಲ್ಲಿಯೂ ಇರಲಿ.

ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್ 22 ಎಂಬ ಆಪರೇಟಿಂಗ್ ಸಿಸ್ಟಮ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ಅದು ಉಚಿತ, 2029ರವರೆಗೆ ತಿದ್ದುಪಡಿಗಳು ಬರುತ್ತವೆ, ತಮ್ಮ ಪ್ರೊಸೆಸರ್‌ಗೆ ಅದು ಭಾರವೂ ಅಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು. ಹಾಕುವ ಮೊದಲೇ ಪೆನ್‌ಡ್ರೈವ್‌ನಿಂದ ನೇರವಾಗಿ ಓಡಿಸಿ, ಇಂಟರ್‌ನೆಟ್, ಧ್ವನಿ, ಪ್ರಿಂಟರ್ ಮೂರನ್ನೂ ಪರೀಕ್ಷಿಸಬಹುದು. ಇದು ನನಗೆ ಅದರಲ್ಲಿ ಬಹಳ ಹಿಡಿಸಿದ ಗುಣ. ಮಗಳ ಅರ್ಜಿಗಳಿಗೆ ಬೇಕಾದ ಇತ್ತೀಚಿನ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದರಲ್ಲಿ ನಡೆಯುತ್ತವೆ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶ ವಿಂಡೋಸ್‌ಗಾಗಿಯೇ ಇರುವುದರಿಂದ, ಅದನ್ನು ಬಳಸುವವರಿಗೆ ನಾನು ಈ ಸಲಹೆ ಕೊಡುತ್ತಿರಲಿಲ್ಲ.

ನುಡಿ ಅದರಲ್ಲಿ ನಡೆಯುವುದಿಲ್ಲ, ಆದರೆ ತಮ್ಮ ಬೆರಳುಗಳು ಹೊಸದನ್ನು ಕಲಿಯಬೇಕಾಗಿಲ್ಲ. ಕನ್ನಡ ಗಣಕ ಪರಿಷತ್ತಿನ ಅದೇ ಕಗಪ ಕೀಲಿಮಣೆ ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ, ಭಾರತದ ಭಾಷೆಗಳ ಪಟ್ಟಿಯಲ್ಲಿಯೇ ಇದೆ. ತೊಡಕಿರುವುದು ಹಳೆಯ ಕಡತಗಳಲ್ಲಿ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್, ಅಂದರೆ ಈಗ ಎಲ್ಲ ಯಂತ್ರಗಳೂ ಓದುವ ಅಕ್ಷರ ಸಂಕೇತ, ಅಲ್ಲ; ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ಆದರೆ ಪರಿವರ್ತನೆಯ ನಂತರ ಪ್ರತಿ ಪುಟವನ್ನೂ ಕಣ್ಣಾಡಿಸಬೇಕಾಗುತ್ತದೆ. ಕನ್ನಡದ ನಡುವೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಹೆಸರುಗಳು ಅರ್ಥವಿಲ್ಲದ ಕನ್ನಡವಾಗುತ್ತವೆ, ಅರ್ಕಾವತ್ತು ಕೆಲವೆಡೆ ಜಾಗ ತಪ್ಪುತ್ತದೆ. ಹತ್ತು ವರ್ಷದ್ದನ್ನೆಲ್ಲ ಒಮ್ಮೆಗೇ ಪರಿವರ್ತಿಸುವ ಹಟ ಬೇಡ. ಮಿಂಟ್ ಹಾಕಿ ಮುಗಿದ ಮೇಲೆ ಹಳೆಯ ಡಿಸ್ಕನ್ನೂ ಪುನಃ ಜೋಡಿಸಿ. ಕಂಪ್ಯೂಟರ್ ಆನ್ ಆದ ಕೂಡಲೇ ಎಫ್12, ಎಫ್11 ಅಥವಾ ಎಫ್8 ಒತ್ತಿದರೆ, ಮದರ್‌ಬೋರ್ಡ್‌ಗೆ ತಕ್ಕಂತೆ, ಯಾವ ಡಿಸ್ಕ್‌ನಿಂದ ಏಳಬೇಕೆಂದು ಕೇಳುತ್ತದೆ. ಹಳೆಯ ಕಾಗದ ಬೇಕಾದಾಗ ವಿಂಡೋಸ್ 7ಕ್ಕೆ ಹೋಗಿ ನುಡಿಯಲ್ಲಿ ತೆರೆಯಿರಿ, ಮುದ್ರಿಸಿ, ಬಳಕೆಗೆ ಬರುವಂಥದ್ದನ್ನು ಮಾತ್ರ ಪರಿವರ್ತಿಸಿಕೊಳ್ಳಿ. ಆಗ ಇಂಟರ್‌ನೆಟ್ ಕೇಬಲ್ ಮಾತ್ರ ಕಿತ್ತಿರಲಿ, ಏಕೆಂದರೆ ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಕಾವಲುಗಾರನಿಲ್ಲ.

ನಾವೆಲ್ಲ ‘ಸಿಪಿಯು’ ಎಂದು ಕರೆಯುವ ಆ ಡಬ್ಬವನ್ನು ತೆರೆದಾಗಲೇ ಇನ್ನೆರಡು ಕೆಲಸ ಮುಗಿಸಿಬಿಡಿ. ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದು ಧೂಳು ಒರೆಸಿ, ಪ್ರೊಸೆಸರ್‌ನ ಶಾಖವನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿಸಿ. ಗಂಜ್ ಪಕ್ಕದ ನಮ್ಮ ಯಂತ್ರಗಳಲ್ಲಿ ಹತ್ತಿಯ ನಾರು ಹಾಸಿಗೆಯಂತೆ ಕುಳಿತಿರುತ್ತದೆ, ರಾಯಚೂರಿನ ಮೇ ತಿಂಗಳಲ್ಲಿ ಅದರ ಫಲ ತಾನಾಗಿ ಆಫ್ ಆಗುವ ಕಂಪ್ಯೂಟರ್. ನಾಣ್ಯದಂಥ ಸಿಆರ್2032 ಸೆಲ್ಲನ್ನೂ ಬದಲಿಸಿ. ಅದು ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗುತ್ತದೆ, ದಿನಾಂಕ ತಪ್ಪಿದ ಯಂತ್ರಕ್ಕೆ ಸರ್ಕಾರಿ ವೆಬ್‌ಸೈಟ್‌ಗಳ ಭದ್ರತಾ ಪ್ರಮಾಣಪತ್ರ ಅವಧಿ ಮೀರಿದ್ದೋ ಇನ್ನೂ ಆರಂಭವಾಗದ್ದೋ ಆಗಿ ಕಾಣುತ್ತದೆ; ತಮ್ಮ ಮಗಳ ತೊಂದರೆಯ ಒಂದು ಪಾಲು ಇದೇ ಆಗಿದ್ದರೂ ಆಶ್ಚರ್ಯವಿಲ್ಲ, ಹಣ ಖರ್ಚು ಮಾಡುವ ಮುನ್ನ ಪರದೆಯ ಮೂಲೆಯ ಗಡಿಯಾರವನ್ನೊಮ್ಮೆ ನೋಡಿ. ವಿದ್ಯುತ್ ಸ್ಥಾವರವಿರುವ ಶಕ್ತಿನಗರ ನಮ್ಮ ಜಿಲ್ಲೆಯಲ್ಲೇ ಇದ್ದರೂ ಕರೆಂಟ್ ಹೇಳಿ ಹೋಗುವುದಿಲ್ಲವಾದ್ದರಿಂದ, ಯುಪಿಎಸ್ ಇಲ್ಲದೆ ಹೊಸ ಸಿಸ್ಟಮ್ ಹಾಕಲು ಕೂರಬೇಡಿ.

ಪ್ರಿಂಟರ್‌ನ ಮಾದರಿ ಸಂಖ್ಯೆಯನ್ನು ತಾವು ಬರೆದಿಲ್ಲ. ಹಳೆಯ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವು ಲಿನಕ್ಸ್‌ನಲ್ಲಿ ಸಿಕ್ಕಿಸಿದ ಕೂಡಲೇ ನಡೆಯುತ್ತವೆ, ಕೆಲವಕ್ಕೆ ಡ್ರೈವರ್ ಹುಡುಕಿ ಹಾಕಬೇಕು, ಕೆಲವು ಎಷ್ಟು ಕಾಡುತ್ತವೆಂದರೆ ವಿಂಡೋಸ್ 7ರಿಂದಲೇ ಮುದ್ರಿಸುವುದು ಮೇಲು. ಆ ಸಂಖ್ಯೆಯನ್ನೂ, ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದೆಯೇ ಎಂಬುದನ್ನೂ ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.