ಮತ್ತೆ ಕುವೈತ್‌ಗೆ ಹೋಗಬೇಕು ಅನ್ನಿಸುತ್ತೆ, ನಾನು ಕೆಟ್ಟ ತಾಯಿನಾ?

ಪತ್ರ: ನನಗೆ 34 ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಓದಿದ್ದು ಏಳನೇ ಕ್ಲಾಸ್. ಆರು ವರ್ಷದಿಂದ ಕುವೈತ್‌ನಲ್ಲಿ ಒಂದೇ ಅರಬಿ ಮನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲು ಹೋದಾಗ 28. ಏಜೆಂಟ್ ವಿಸಿಟ್ ವೀಸಾದಲ್ಲಿ ದುಬೈಗೆ ಕಳಿಸಿ ಅಲ್ಲಿಂದ ದಾಟಿಸಿದ. 60 ದಿನಾರ್‌ಗೆ ಸೇರಿದೆ, ಈಗ 110. ಪೂರ್ತಿ ದುಡ್ಡು ಮನೆಯವರ ಖಾತೆಗೇ ಹಾಕುತ್ತಿದ್ದೆ. ಟೊಮೆಟೊ ಬೆಳೆಯೋಣ ಅಂತ ಎರಡು ಬೋರ್ ಕೊರೆಸಿದರು. 1,400 ಅಡಿ ಹೋದರೂ ಬಂದಿದ್ದು ಬರೀ ಧೂಳು. ಉಳಿದಿದ್ದರಲ್ಲಿ ಮನೆ ಕಟ್ಟಿದ್ದೇವೆ, ಸೈಟು ಮಾವನ ಹೆಸರಲ್ಲಿದೆ.

ಮಗಳು 8ನೇ ಕ್ಲಾಸ್. ಹೋದ ವರ್ಷ ದೊಡ್ಡವಳಾದಳು. ಒಸಗೆಯನ್ನು ನಾನು ಬಾತ್‌ರೂಮಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಹೊರಗೆ ಮೇಡಂ ನೆಂಟರು ಇದ್ದರು ಅಂತ ಸೌಂಡ್ ತೆಗೆದಿದ್ದೆ. ಈಗ ರಜೆಗೆ ಬಂದು ಐದು ವಾರ ಆಯ್ತು. ತಲೆ ಬಾಚುತ್ತೇನೆ ಬಾ ಅಂದರೆ "ಅಜ್ಜಿ ಬಾಚುತ್ತಾಳೆ" ಅನ್ನುತ್ತಾಳೆ.

ಮನೆಯವರು ಹೋಗು ಅನ್ನುತ್ತಾರೆ. 140 ದಿನಾರ್ ಕೊಡುವ ಬೇರೆ ಮನೆ ಇದೆಯಂತೆ, ಹೊಸ ಏಜೆಂಟ್ ವಿಸಿಟ್ ವೀಸಾ ಮಾಡಿಸುತ್ತಾನಂತೆ. ಅತ್ತೆ ಮಾತ್ರ "ಹೆತ್ತ ಕರುಳು ಅನ್ನೋದು ಇದ್ದರೆ ಉಳಿ" ಅನ್ನುತ್ತಾರೆ. ನಿಜ ಹೇಳಲಾ, ನನಗೂ ಹೋಗಬೇಕು ಅನ್ನಿಸುತ್ತೆ. ಅಲ್ಲಿ ಅಡುಗೆಮನೆ ಪಕ್ಕ ನನಗೇ ಅಂತ ಒಂದು ಪುಟ್ಟ ರೂಮಿದೆ. ಒಳಗಿಂದ ಚಿಲಕ ಹಾಕಿಕೊಂಡು ಮಲಗಬಹುದು. ಶುಕ್ರವಾರ ಅರ್ಧ ದಿನ ರಜೆ. ಇಲ್ಲಿ ಬಂದ ಮೇಲೆ ಅದೇ ನೆನಪಾಗುತ್ತೆ. ನಾನು ಕೆಟ್ಟ ತಾಯಿನಾ? ಹೋಗಲಾ, ಬೇಡವಾ?

— ಹೆಸರು ಬೇಡ

ಉತ್ತರ:

ಚಿಲಕದ ವಿಷಯವನ್ನು ಪತ್ರದ ಕೊನೆಗೆ ಬರೆದಿದ್ದೀರಿ. ಅಕ್ಷರವೂ ಅಲ್ಲಿ ಸಣ್ಣದಾಗಿದೆ. ನಾಚಿಕೆ ಆಯ್ತೇನೋ. ನನಗೆ ಮಾತ್ರ ಇಡೀ ಪತ್ರದಲ್ಲಿ ನೀವು ನಿಮಗಾಗಿ ಬರೆದ ಸಾಲು ಅದೊಂದೇ ಅನ್ನಿಸಿತು. ಉಳಿದದ್ದೆಲ್ಲ ಮನೆಯವರು ಹೇಳಿದ್ದು, ಅತ್ತೆ ಹೇಳಿದ್ದು, ಏಜೆಂಟ್ ಹೇಳಿದ್ದು.

ಹದಿನಾರು ಲಕ್ಷ ದುಡಿದು ಮನೆ ಕಟ್ಟಿಸಿದವಳಿಗೆ ಪರದೇಶದ ಅಡುಗೆಮನೆ ಪಕ್ಕದ ರೂಮು ನೆನಪಾಗುತ್ತೆ ಅಂದರೆ ತಪ್ಪು ನಿಮ್ಮ ಕರುಳಲ್ಲಿಲ್ಲ. ಹದಿನಾರು ಲಕ್ಷ ಎಲ್ಲಿಂದ ಬಂತು ಅಂತೀರಾ? ನಾನೇ ಲೆಕ್ಕ ಹಾಕಿದೆ. ತಿಂಗಳಿಗೆ ಸರಾಸರಿ 85 ದಿನಾರ್ ಅಂತ ಹಿಡಿದರೂ ಆರು ವರ್ಷಕ್ಕೆ 6,000 ದಿನಾರ್ ದಾಟುತ್ತೆ. ನಮ್ಮ ರೂಪಾಯಿಯಲ್ಲಿ 16-17 ಲಕ್ಷ. ಈ ಲೆಕ್ಕ ನಿಮ್ಮ ಮನೆಯಲ್ಲಿ ಯಾರಾದರೂ ಒಂದು ಸಲ ಕೂತು ಹಾಕಿದ್ದಾರಾ? ನೀವಾದರೂ ಹಾಕಿದ್ದೀರಾ?

ಕೆಟ್ಟ ತಾಯಿ ಅನ್ನೋ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪಕ್ಕದೂರಿನಿಂದ ಗಲ್ಫ್‌ಗೆ ಹೋಗಿ ಡ್ರೈವರ್ ಆದ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಅವರು ರಜೆಗೆ ಬಂದರೆ ಕೋಳಿ ಕೊಯ್ಯುತ್ತಾರೆ. "ಹೆತ್ತ ಕರುಳು ಇದೆಯಾ" ಅಂತ ಯಾರೂ ಕೇಳಲ್ಲ. ನಿಮ್ಮತ್ತೆ ಒಬ್ಬರೇ ಹೀಗೆ ಅಂದುಕೊಳ್ಳಬೇಡಿ, ಸರ್ಕಾರಗಳೂ ಹೀಗೇ ಕೇಳುತ್ತವೆ. ಶ್ರೀಲಂಕಾದಲ್ಲಿ 2013ರಲ್ಲಿ ಒಂದು ನಿಯಮ ಬಂತು. ಐದು ವರ್ಷದೊಳಗಿನ ಮಗು ಇರುವ ತಾಯಿ ಮನೆಗೆಲಸಕ್ಕೆ ಹೊರದೇಶಕ್ಕೆ ಹೋಗುವಂತಿಲ್ಲ, ಉಳಿದ ಹೆಂಗಸರು ಮನೆ ಪರಿಸ್ಥಿತಿಯ ವರದಿ ತರಬೇಕು ಅಂತ. ಅಪ್ಪಂದಿರಿಗೆ ಅಂಥ ವರದಿ ಇರಲಿಲ್ಲ. 2022ರಲ್ಲಿ ದೇಶದ ಡಾಲರ್ ಖಾಲಿಯಾಗಿ ಪೆಟ್ರೋಲಿಗೆ ಕ್ಯೂ ನಿಂತಾಗ ಅದೇ ನಿಯಮ ಸಡಿಲವಾಯಿತು. ತಾಯಿ ಹತ್ತಿರ ಇರಬೇಕು ಅನ್ನೋ ಕಾಳಜಿ ಡಾಲರ್ ಇರೋವರೆಗೆ ಮಾತ್ರ ಇತ್ತು, ಅಲ್ವಾ?

ನಮ್ಮಲ್ಲೂ ಅಷ್ಟೇ. ಹತ್ತನೇ ಕ್ಲಾಸ್ ಪಾಸಾಗದ ಹೆಣ್ಣುಮಗಳು ಕುವೈತ್‌ನಂಥ ದೇಶಕ್ಕೆ ಕೆಲಸಕ್ಕೆ ಹೋಗಬೇಕಾದರೆ 30 ತುಂಬಿರಬೇಕು. ಒಳ್ಳೆಯದಕ್ಕೇ ಮಾಡಿದ ನಿಯಮ ಇರಬಹುದು. ಆದರೆ ನಿಮಗೆ ಆಗ 28. ಮನೆಯ ಕಷ್ಟ ಎರಡು ವರ್ಷ ಕಾಯುತ್ತಾ? ಕಾಯಲ್ಲ. ಮುಂದಿನ ಬಾಗಿಲು ಮುಚ್ಚಿತ್ತು, ಏಜೆಂಟ್ ಹಿತ್ತಿಲ ಬಾಗಿಲು ತೋರಿಸಿದ. ವಿಸಿಟ್ ವೀಸಾದಲ್ಲಿ ದಾಟಿದವರ ಕೆಲಸ ಸರ್ಕಾರದ ದಾಖಲೆಯಲ್ಲೇ ಇರಲ್ಲ. ಹೆಚ್ಚುಕಮ್ಮಿ ಆದರೆ ಎಲ್ಲಿದ್ದಾಳೆ ಅಂತ ಹುಡುಕಲಿಕ್ಕೂ ಒಂದು ಕಾಗದ ಇರಲ್ಲ. ನಿಮಗೆ ಒಳ್ಳೆಯ ಮನೆ ಸಿಕ್ಕಿತು. ಅದು ನಿಮ್ಮ ಅದೃಷ್ಟ. ಎರಡನೇ ಸಲವೂ ಅದೃಷ್ಟದ ಮೇಲೆ ಹೋಗಬೇಡಿ.

ಹಾಗಾಗಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆ 140 ದಿನಾರ್ ಮನೆ ಬೇಡ. ಮನೆಯವರು ಎಷ್ಟೇ ಹೇಳಲಿ, ಬೇಡ. ದುಡ್ಡಿನ ಲೆಕ್ಕದಲ್ಲೂ ಅದು ನಷ್ಟವೇ. ಹೇಗೆ ಅಂತ ನೋಡಿ. ಕುವೈತ್‌ನಲ್ಲಿ ಮನೆಗೆಲಸದವರಿಗೆ ಅಂತಲೇ 2015ರಲ್ಲಿ ಒಂದು ಕಾನೂನು ಬಂದಿದೆ. 68ನೇ ನಂಬರಿನ ಕಾನೂನು. ಕರಾರು ಮುಗಿಸಿ ಬಿಡುವಾಗ, ಕೆಲಸ ಮಾಡಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಕೊಡಬೇಕು ಅಂತ ಅದರಲ್ಲಿದೆ. ನಿಮ್ಮದು ಆರು ವರ್ಷ. 110ರಂತೆ 660 ದಿನಾರ್, ಕಡಿಮೆ ಅಂದರೂ 1 ಲಕ್ಷ 80 ಸಾವಿರ ರೂಪಾಯಿ. ಹೇಳದೆ ಕೇಳದೆ ಹೊಸ ಮನೆಗೆ ಹಾರಿದರೆ ಅದನ್ನು ಯಾರು ಕೊಡುತ್ತಾರೆ? ಹೊಸ ಮನೆಯಲ್ಲಿ ಜಾಸ್ತಿ ಸಿಗೋದು ತಿಂಗಳಿಗೆ 30 ದಿನಾರ್. ಬಿಟ್ಟುಬಂದ 660 ತುಂಬಿಸಿಕೊಳ್ಳೋಕೆ 22 ತಿಂಗಳು ಬೇಕು. ಹೊಸ ಮನೆಯವರು ಹೇಗೋ, ಆ 140 ಬಾಯಿಮಾತೋ ಬರಹವೋ, ದೇವರಿಗೇ ಗೊತ್ತು.

ಅದೇ ಕಾನೂನಿನಲ್ಲಿ ಇನ್ನೂ ಇದೆ. ದಿನಕ್ಕೆ 12 ಗಂಟೆ ಮೀರಿ ಕೆಲಸ ಮಾಡಿಸುವಂತಿಲ್ಲ. ವಾರಕ್ಕೊಂದು ದಿನ ರಜೆ. ವರ್ಷಕ್ಕೊಮ್ಮೆ ಸಂಬಳದ ಸಮೇತ 30 ದಿನ ರಜೆ. ಪಾಸ್‌ಪೋರ್ಟ್ ಮಾಲೀಕರು ಇಟ್ಟುಕೊಳ್ಳುವಂತಿಲ್ಲ. ನೀವು ಶುಕ್ರವಾರದ ಅರ್ಧ ದಿನವನ್ನು ಮೇಡಂ ಮಾಡಿದ ಉಪಕಾರ ಅನ್ನೋ ಹಾಗೆ ಬರೆದಿದ್ದೀರಿ. ಇನ್ನರ್ಧ ದಿನ ಅವರು ನಿಮಗೆ ಬಾಕಿ ಇಟ್ಟಿದ್ದಾರೆ. ನೀವು ಸೇರಿದಾಗ ಕೊಟ್ಟ 60 ದಿನಾರ್ ಕೂಡ ಅವರ ದೊಡ್ಡ ಮನಸ್ಸಲ್ಲ. 2016ರಲ್ಲಿ ಅಲ್ಲಿ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ಸಂಬಳ ಅದು. ಕಾನೂನು ಪುಸ್ತಕದಲ್ಲಿ ಇರೋದೆಲ್ಲ ಅಡುಗೆಮನೆಗೆ ಬರಲ್ಲ ಅಂತ ನನಗೂ ಗೊತ್ತು. ಆದರೂ ಕೇಳುವಾಗ ಭಿಕ್ಷೆ ಕೇಳಿದ ಹಾಗೆ ಕೇಳಬೇಕಾಗಿಲ್ಲ.

ಕೇಳಿದವರಿಗೆ ಸಿಕ್ಕಿದೆ ಕೂಡ. 2018ರಲ್ಲಿ ಕುವೈತ್‌ನ ಒಂದು ಖಾಲಿ ಫ್ಲ್ಯಾಟಿನ ಫ್ರೀಜರಿನಲ್ಲಿ ಫಿಲಿಪ್ಪೀನ್ಸ್‌ನ ಒಬ್ಬ ಕೆಲಸದವಳ ಹೆಣ ಸಿಕ್ಕಿತು. ಆ ದೇಶ ತನ್ನ ಜನರನ್ನು ಅಲ್ಲಿಗೆ ಕಳಿಸೋದನ್ನೇ ನಿಲ್ಲಿಸಿತು. ಕೆಲವೇ ತಿಂಗಳಲ್ಲಿ ಎರಡೂ ದೇಶ ಒಪ್ಪಂದಕ್ಕೆ ಕೂತವು. ಫೋನು ಕಿತ್ತುಕೊಳ್ಳಬಾರದು, ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿ ಇರಬಾರದು ಅಂತ ಬರೆಸಿಕೊಂಡರು. ಹಾಂಗ್‌ಕಾಂಗ್‌ನಲ್ಲಿ ಭಾನುವಾರ ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕೆಲಸದ ಹೆಂಗಸರು ರಟ್ಟು ಹಾಸಿಕೊಂಡು ಪೇಟೆಯ ಫುಟ್‌ಪಾತ್ ತುಂಬ ಕೂತಿರುತ್ತಾರೆ. ಬುತ್ತಿ ಬಿಚ್ಚುತ್ತಾರೆ, ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾರೆ, ಊರಿಗೆ ಕಳಿಸೋ ಪೆಟ್ಟಿಗೆ ಕಟ್ಟುತ್ತಾರೆ, ಬೇಕಾದರೆ ಬೋರ್ಡ್ ಹಿಡಿದು ಘೋಷಣೆಯನ್ನೂ ಕೂಗುತ್ತಾರೆ. ನಮ್ಮ ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗುತ್ತಾರೆ, ಏಜೆಂಟ್ ನಂಬರ್ ಒಂದೇ ಜೊತೆಗೆ. ಕುವೈತ್‌ನಲ್ಲಿ ನಿಮ್ಮ ಬೀದಿಯಲ್ಲಿ ನಮ್ಮ ಕಡೆಯವರು ಇನ್ನೂ ಯಾರ್ಯಾರು ಇದ್ದಾರೆ? ಶುಕ್ರವಾರ ಅವರ ಜೊತೆ ಮಾತಾಡುತ್ತೀರಾ? ಪತ್ರದಲ್ಲಿ ಅದಿಲ್ಲ. ಇದ್ದರೆ ಚೆನ್ನಾಗಿರುತ್ತೆ.

ಈಗ ಹೋಗಲಾ ಬೇಡವಾ ಅನ್ನೋದು. ಹೋಗಬಹುದು. ಹಳೇ ಮನೆಗೇ, ಬರವಣಿಗೆಯ ಕರಾರಿನ ಮೇಲೆ, ಎರಡು ವರ್ಷಕ್ಕೆ. ಇಕಾಮಾ, ಅಂದರೆ ಅಲ್ಲಿ ಇರೋಕೆ ಕೊಟ್ಟ ಪರವಾನಗಿ, ಯಾವತ್ತಿಗೆ ಮುಗಿಯುತ್ತೆ ಅಂತ ಇವತ್ತೇ ನೋಡಿಕೊಳ್ಳಿ. ಮುಂದೆ ಎಂದಾದರೂ ಮನೆ ಬದಲಾಯಿಸುವುದಾದರೆ ನಿಮಗೆ ಈಗ 34, ಮುಂದಿನ ಬಾಗಿಲು ತೆರೆದಿದೆ. 2016ರಿಂದ ನಿಮ್ಮಂಥವರನ್ನು ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ಕಳಿಸಬೇಕು ಅಂತ ಇದೆ. ಇ-ಮೈಗ್ರೇಟ್ ಅನ್ನೋ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು, ಸಂಬಳ, ಮಾಲೀಕರು ಎಲ್ಲ ದಾಖಲಾಗುತ್ತೆ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಗೆ 10 ಲಕ್ಷ. ಒಂದು ಕೋಳಿಯ ದುಡ್ಡು.

ಆದರೆ ಟಿಕೆಟ್ ಮಾಡಿಸುವ ಮೊದಲು ಮನೆಯವರ ಜೊತೆ ಮಾತಾಡುವುದಿದೆ. ಅವರನ್ನು ನಾನು ಬೈಯಲ್ಲ. ಕುಡಿದು ಕಳೆದಿಲ್ಲ, ಜೂಜಾಡಿಲ್ಲ. ಕೋಲಾರದ ಕಡೆ ಬೋರ್‌ವೆಲ್‌ಗೆ ದುಡ್ಡು ಸುರಿಯದ ರೈತ ಯಾರಿದ್ದಾರೆ ಹೇಳಿ? ಗಾಡಿ ಬಂದು ನಿಂತ ಮೇಲೆ 800 ಅಡಿಗೆ ನಿಲ್ಲಿಸೋಕೆ ಮನಸ್ಸೇ ಬರಲ್ಲ. ಇನ್ನು ನೂರು, ಇನ್ನು ನೂರು ಅಂತ ಹೋಗುತ್ತೆ. ಆದರೆ ಅಡಿಗೆ ಇಷ್ಟು ಅಂತ ಮೀಟರ್ ಓಡುತ್ತಿದ್ದಾಗ ಆ ದುಡ್ಡು ಸಂಪಾದಿಸಿದವಳನ್ನು ಒಂದು ಮಾತು ಕೇಳಲಿಲ್ಲ. ಕುವೈತ್‌ಗೆ ಫೋನ್ ಮಾಡೋಕೆ ಅವತ್ತೂ ದುಡ್ಡು ಬೇಕಿರಲಿಲ್ಲ, ವಾಟ್ಸಾಪ್ ಇತ್ತು. ನನ್ನ ತಕರಾರು ಅಷ್ಟೇ.

ಹಾಗಾಗಿ ಮುಂದಿನ ಸಂಬಳ ನಿಮ್ಮ ಖಾತೆಗೆ ಬರಲಿ. ಹೊರದೇಶದಲ್ಲಿ ದುಡಿಯುವವರಿಗೆ ಎನ್‌ಆರ್‌ಇ ಖಾತೆ ಅಂತ ಇದೆ. ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಪಾಸ್‌ಪೋರ್ಟ್, ವೀಸಾ, ಅಲ್ಲಿನ ಸಿವಿಲ್ ಐಡಿ ತೆಗೆದುಕೊಂಡು ಹೋಗಿ ಮಾಡಿಸಿ. ತಿಂಗಳಿಗೆ ಇಷ್ಟು ಅಂತ ಮನೆಗೆ ಕಳಿಸಿ, ಉಳಿದಿದ್ದು ಅಲ್ಲೇ ಇರಲಿ. ಎರಡನೆಯದು ಮನೆ. ಸೈಟು ಮಾವನದು, ಗೋಡೆ ನಿಮ್ಮದು ಅಂದರೆ ಕಾಗದದ ಮುಂದೆ ನಿಲ್ಲಲ್ಲ. ಮಾವ ಬದುಕಿರುವಾಗಲೇ ನಿಮ್ಮಿಬ್ಬರ ಹೆಸರಿಗೆ ದಾನಪತ್ರ ಮಾಡಿಸಿ, ಪಂಚಾಯ್ತಿಯಲ್ಲಿ ಖಾತೆ ಬದಲಾಯಿಸಿಕೊಳ್ಳಿ. ಮನೆಯೊಳಗಿನ ದಾನಪತ್ರಕ್ಕೆ ಖರ್ಚು ಜಾಸ್ತಿ ಬರಲ್ಲ. ಮುಖ ಊದಿಸಿಕೊಳ್ಳಬಹುದು. ಊದಿಸಿಕೊಳ್ಳಲಿ. "ಇದಾದ ಮೇಲೆ ಟಿಕೆಟ್" ಅನ್ನಿ. ಇವತ್ತು ಮನೆಯಲ್ಲಿ ನಿಮ್ಮ ಮಾತು ನಡೆಯುವ ಕಾಲ, ಏರ್‌ಪೋರ್ಟ್ ದಾಟಿದ ಮೇಲೆ ನಡೆಯಲ್ಲ.

ಮಗಳ ವಿಷಯದಲ್ಲಿ ಸಮಾಧಾನದ ಮಾತು ಹೇಳಲ್ಲ. ಅವಳ ಸಿಟ್ಟು ನಿಜ. ಏಳು ವರ್ಷದವಳನ್ನು ಬಿಟ್ಟು ಹೋದಿರಿ, ಕಾರಣ ಎಷ್ಟೇ ದೊಡ್ಡದಿರಲಿ, ಅವಳ ಜಡೆ ಅಜ್ಜಿ ಕೈಗೆ ಒಗ್ಗಿಹೋಗಿದೆ. ಅದನ್ನು ಕಿತ್ತುಕೊಳ್ಳೋಕೆ ಹೋಗಬೇಡಿ.

ನಮ್ಮ ದೊಡ್ಡಮ್ಮ ಒಬ್ಬರು ಕುವೈತ್‌ನಲ್ಲಿ ಆಯಾ ಆಗಿದ್ದರು. 1990ರಲ್ಲಿ ಇರಾಕ್ ನುಗ್ಗಿದಾಗ ಬಸ್ಸಿನಲ್ಲಿ ಜೋರ್ಡಾನ್‌ನ ಅಮ್ಮಾನ್‌ವರೆಗೆ ಹೋಗಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬಂದರು. ಆಗ ಹಾಗೆ ಬಂದ ಭಾರತೀಯರು ಒಂದೂವರೆ ಲಕ್ಷಕ್ಕೂ ಜಾಸ್ತಿ. ಒಂದು ಕೈಚೀಲ ಬಿಟ್ಟರೆ ಏನೂ ತಂದಿರಲಿಲ್ಲ. ನಾವು ಮಕ್ಕಳು "ಚಾಕಲೇಟ್ ಎಲ್ಲಿ" ಅಂತ ಕೇಳಿದೆವು. ಅವರು ನಕ್ಕು ಸುಮ್ಮನಾದರು. ಮರುಭೂಮಿಯ ಟೆಂಟಿನಲ್ಲಿ ಎಷ್ಟು ದಿನ ಇದ್ದರು, ನೀರಿಗೆ ಏನು ಮಾಡಿದರು, ಸಾಯುವವರೆಗೂ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ನನಗೆ ಕೇಳಬೇಕು ಅನ್ನಿಸುತ್ತೆ, ಯಾರನ್ನು ಕೇಳಲಿ?

ನಿಮ್ಮ ಮಗಳಿಗೆ ಆ ಒಸಗೆ ದಿನದ ಕಥೆ ಹೇಳಿ. ಅವಳು ಸೀರೆ ಉಟ್ಟು ಹಸೆ ಮೇಲೆ ಕೂತಿದ್ದಾಗ ನೀವು ಬಾತ್‌ರೂಮಿನ ಬಕೆಟ್ ಬೋರಲು ಹಾಕಿ ಕೂತಿದ್ದಿರೋ, ನೆಲದ ಮೇಲೆ ಕೂತಿದ್ದಿರೋ, ಅದನ್ನೆಲ್ಲ ಹೇಳಿ. ಅವಳ ಪಾಲಿಗೆ ಅವತ್ತು ಅಮ್ಮ ಫೋನಿನಲ್ಲಿ ಮಾತೇ ಆಡಲಿಲ್ಲ. ಯಾಕೆ ಆಡಲಿಲ್ಲ ಅಂತ ಅವಳಿಗೆ ಯಾರು ಹೇಳಿದ್ದಾರೆ? ಅಳು ಬಂದರೆ ಅಳಿ. ಸರ ಕೊಡಿಸಿ ಮುಗಿಸಬೇಡಿ. ಆಮೇಲೆ ವಾಪಸ್ ಬರುವ ತಾರೀಕು ಅವಳಿಗೇ ಹೇಳಿ, ಮನೆಯವರಿಗಿಂತ ಮೊದಲು. ಎರಡು ವರ್ಷ ಅಂದರೆ ಅವಳ ಎಸ್ಸೆಸ್ಸೆಲ್ಸಿ. ಪರೀಕ್ಷೆ ಹೊತ್ತಿಗೆ ಇಲ್ಲಿರುವ ಹಾಗೆ ಆ 30 ದಿನದ ರಜೆಯನ್ನು ಈಗಲೇ ಮೇಡಂ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.

ಸೋಮವಾರ ಬ್ಯಾಂಕಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಫಾರಂ ಅವಳೇ ತುಂಬಲಿ, ನಿಮಗಿಂತ ಜಾಸ್ತಿ ಓದಿದ್ದಾಳೆ. ನಾಮಿನಿ ಅನ್ನೋ ಜಾಗದಲ್ಲಿ ಅವಳ ಹೆಸರು ಬರೆಸಿ. 18 ತುಂಬದವರಿಗೆ ಜೊತೆಗೊಬ್ಬ ದೊಡ್ಡವರ ಹೆಸರು ಕೇಳುತ್ತಾರೆ. ಅಪ್ಪನದಾ, ಅಜ್ಜಿಯದಾ, ಯಾರದು ಬರೆಯಬೇಕು ಅಂತ ಅವಳನ್ನೇ ಕೇಳಿ.