ಸಂಪಾದಕರ ಉತ್ತರ: ಓಡಿಹೋದವನ ಸಾಕ್ಷ್ಯ

ಮಾನ್ಯರೇ,

ಅಮೆರಿಕದ ಗುಪ್ತಚರ ಸಂಸ್ಥೆಯ ರಹಸ್ಯ ದಾಖಲೆಗಳನ್ನು 2013ರಲ್ಲಿ ಪತ್ರಿಕೆಗಳಿಗೆ ಕೊಟ್ಟ ಎಡ್ವರ್ಡ್ ಸ್ನೋಡೆನ್ ಅವರನ್ನು ‘ನಮ್ಮ ಕಾಲದ ಸತ್ಯಾಗ್ರಹಿ’ ಎಂದು ಕರೆದ ನಮ್ಮ ಕಳೆದ ಸಂಚಿಕೆಯ ಲೇಖನವನ್ನು ವಿರೋಧಿಸಿ ತಾವು ಹಾಸನದಿಂದ ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ದೂರವಾಣಿ ಇಲಾಖೆಯಲ್ಲಿ 34 ವರ್ಷ ದುಡಿದು, ಕಿವಿಗೆ ಬಿದ್ದ ಒಂದು ಮಾತನ್ನೂ ಹೊರಗೆ ಆಡದೆ ನಿವೃತ್ತರಾದ ತಮಗೆ ಆ ವಿಶೇಷಣ ನೋವುಂಟುಮಾಡಿದೆ. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟವನು ಅದನ್ನು ಮುರಿದ, ಮೇಲಧಿಕಾರಿಗಳಿಗೆ ದೂರು ಕೊಡದೆ ಪತ್ರಿಕೆಗಳ ಬಳಿಗೆ ಹೋದ, ಕೊನೆಗೆ ಗಾಂಧೀಜಿಯಂತೆ ನ್ಯಾಯಾಲಯದ ಮುಂದೆ ನಿಲ್ಲದೆ ಪರದೇಶಕ್ಕೆ ಓಡಿದ, ಆದ್ದರಿಂದ ಅವನು ದೇಶದ್ರೋಹಿಯೇ ಎಂಬುದು ತಮ್ಮ ವಾದ. ಅಮೆರಿಕದವರ ಮನೆಜಗಳಕ್ಕೆ ಕನ್ನಡ ಪತ್ರಿಕೆ ಇಷ್ಟು ಪುಟ ಕೊಡಬೇಕೇ ಎಂದೂ ಕೇಳಿದ್ದೀರಿ.

ತಮ್ಮ ವೃತ್ತಿಯಿಂದಲೇ ಆರಂಭಿಸುತ್ತೇನೆ. ಟ್ರಂಕ್ ಕಾಲ್ ಕಾಲದಲ್ಲಿ ಆಪರೇಟರು ಬರೆದಿಡುತ್ತಿದ್ದ ಚೀಟಿಯಲ್ಲಿ ಆಡಿದ ಮಾತಿನ ಒಂದಕ್ಷರವೂ ಇರುತ್ತಿರಲಿಲ್ಲ. ಯಾವ ನಂಬರಿನಿಂದ ಯಾವ ಊರಿನ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬಷ್ಟೇ ಇರುತ್ತಿತ್ತು. ಆದರೂ ಒಂದು ಊರಿನ ಒಂದು ವರ್ಷದ ಚೀಟಿಗಳನ್ನೆಲ್ಲ ಹರಡಿಕೊಂಡು ಕೂತವನಿಗೆ ಯಾರ ವ್ಯಾಪಾರ ಕುಸಿಯುತ್ತಿದೆ, ಯಾರ ಮಗಳಿಗೆ ಎಲ್ಲಿ ಸಂಬಂಧ ಕುದುರುತ್ತಿದೆ, ಯಾರು ಪದೇಪದೇ ಯಾವ ಆಸ್ಪತ್ರೆಗೆ ಕರೆ ಮಾಡುತ್ತಿದ್ದಾರೆ ಎಂಬುದೆಲ್ಲ ತಿಳಿದುಬಿಡುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಸ್ನೋಡೆನ್ ಕೊಟ್ಟ ದಾಖಲೆಗಳ ಪೈಕಿ 2013ರ ಜೂನ್ 5ರಂದು ಗಾರ್ಡಿಯನ್ ಪತ್ರಿಕೆ ಮೊದಲು ಪ್ರಕಟಿಸಿದ್ದು ಇಂಥ ಚೀಟಿಗಳಿಗೇ ಸಂಬಂಧಿಸಿದ್ದು. ವೆರೈಜನ್ ಎಂಬ ದೂರವಾಣಿ ಕಂಪನಿಯು ತನ್ನ ಗ್ರಾಹಕರ ಕರೆಗಳ ವಿವರವನ್ನು ದಿನದಿನವೂ ಎನ್‌ಎಸ್‌ಎ ಎಂಬ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಗೆ ಒಪ್ಪಿಸಬೇಕೆಂದು ಅಲ್ಲಿನ ರಹಸ್ಯ ನ್ಯಾಯಾಲಯ ಹೊರಡಿಸಿದ್ದ ಆದೇಶ ಅದು. ಗ್ರಾಹಕನ ಮೇಲೆ ಸಂಶಯವಿದೆಯೇ ಇಲ್ಲವೇ ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. ತಾವು 34 ವರ್ಷ ಕಾಯ್ದದ್ದು ಚಂದಾದಾರರ ಗುಟ್ಟನ್ನು. ಅಲ್ಲಿ ಕಾಯಬೇಕೆಂದು ಹೇಳುತ್ತಿದ್ದದ್ದು ಚಂದಾದಾರರ ಗುಟ್ಟು ಬಯಲಾಗುತ್ತಿದೆ ಎಂಬ ಗುಟ್ಟನ್ನು. ಇವೆರಡೂ ಒಂದೇ ಎಂದು ನನಗೆ ಅನ್ನಿಸುವುದಿಲ್ಲ.

ಮೇಲಧಿಕಾರಿಗಳಿಗೆ ದೂರು ಕೊಡಬಹುದಿತ್ತಲ್ಲ ಎಂಬ ಮಾತು ಅಲ್ಲಗಳೆಯುವಂಥದ್ದಲ್ಲ. ಆದರೆ ಆ ದೂರು ಹತ್ತಬೇಕಾಗಿದ್ದ ಮೆಟ್ಟಿಲುಗಳ ತುದಿಯಲ್ಲಿ ಯಾರಿದ್ದರು ಎಂಬುದನ್ನು ನೋಡಬೇಕು. ದಾಖಲೆಗಳು ಹೊರಬೀಳುವ ಮೂರು ತಿಂಗಳ ಮೊದಲು, 2013ರ ಮಾರ್ಚ್ 12ರಂದು, ಕೋಟ್ಯಂತರ ಅಮೆರಿಕನ್ನರ ಬಗ್ಗೆ ಎನ್‌ಎಸ್‌ಎ ಯಾವುದೇ ಬಗೆಯ ಮಾಹಿತಿ ಸಂಗ್ರಹಿಸುತ್ತಿದೆಯೇ ಎಂದು ಸೆನೆಟರ್ ರಾನ್ ವೈಡನ್ ಬಹಿರಂಗ ಸಭೆಯಲ್ಲಿ ಕೇಳಿದಾಗ, ಗುಪ್ತಚರ ಇಲಾಖೆಗಳೆಲ್ಲದರ ಮುಖ್ಯಸ್ಥರಾಗಿದ್ದ ಜೇಮ್ಸ್ ಕ್ಲ್ಯಾಪರ್ ‘ಇಲ್ಲ’ ಎಂದರು. ಗೊತ್ತಿದ್ದೂ ಹಾಗೆ ಮಾಡುತ್ತಿಲ್ಲ ಎಂದರು. ಆ ಉತ್ತರ ತಪ್ಪಾಗಿತ್ತೆಂದು ಅವರೇ ಆಮೇಲೆ ಒಪ್ಪಿಕೊಂಡರು. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಪ್ರಶ್ನೆ ಕೇಳಿದವರ ಪಾಡು. ಉತ್ತರ ಸುಳ್ಳೆಂದು ವೈಡನ್ ಅವರಿಗೆ ಆ ಕ್ಷಣವೇ ಗೊತ್ತಿತ್ತು, ಆದರೆ ಗೌಪ್ಯತೆಯ ನಿಯಮಕ್ಕೆ ಕಟ್ಟುಬಿದ್ದು ಅವರು ಅದನ್ನು ಜನರಿಗೆ ಹೇಳಲಾರದೆ ಕೂತಿದ್ದರು. ಚುನಾಯಿತ ಸೆನೆಟರ್ ಒಬ್ಬರ ಬಾಯಿಯೇ ಹೀಗೆ ಕಟ್ಟಿಹೋಗಿರುವಾಗ, ಹವಾಯಿಯ ಕಚೇರಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ 29 ವರ್ಷದ ಯುವಕನ ಅರ್ಜಿ ಎಲ್ಲಿಯವರೆಗೆ ಹೋಗುತ್ತಿತ್ತು?

ಈಗ ತಮ್ಮ ಪತ್ರದ ಅತ್ಯಂತ ಗಟ್ಟಿಯಾದ ಮಾತಿಗೆ ಬರುತ್ತೇನೆ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಗಾಂಧೀಜಿ ತಪ್ಪೊಪ್ಪಿಕೊಂಡು, ತಮಗೆ ಅತ್ಯಂತ ಕಠಿಣ ಶಿಕ್ಷೆಯನ್ನೇ ಕೊಡಿ ಎಂದು ಕೇಳಿ, ಆರು ವರ್ಷದ ಸಜೆಯನ್ನು ಒಪ್ಪಿಕೊಂಡರು. ನಿಜ. ಆದರೆ ಶಿಕ್ಷೆಗೆ ಮೊದಲು ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಅವರ ಎದುರಿನಲ್ಲಿ ಗಾಂಧೀಜಿ, ನಿಷ್ಠಾವಂತ ಪ್ರಜೆಯಾಗಿದ್ದ ತಾವು ರಾಜದ್ರೋಹಿಯಾದದ್ದು ಏಕೆ ಎಂಬುದನ್ನು ಆದ್ಯಂತವಾಗಿ ಓದಿ ಹೇಳಿದರು, ಮತ್ತು ಅದನ್ನು ಇಡೀ ದೇಶ ಕೇಳಿಸಿಕೊಂಡಿತು. ಸ್ನೋಡೆನ್ ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಎರಡು 1917ರ ಬೇಹುಗಾರಿಕೆ ಕಾಯ್ದೆಯವು. ಆ ಕಾಯ್ದೆಯಡಿ, ಜನಹಿತಕ್ಕಾಗಿ ಹೀಗೆ ಮಾಡಿದೆ ಎಂಬುದು ಸಮರ್ಥನೆಯೇ ಆಗುವುದಿಲ್ಲ. ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳನ್ನು 1971ರಲ್ಲಿ ಬಯಲಿಗೆ ತಂದು, ತಾವೇ ಬಂದು ಶರಣಾದ ಡೇನಿಯಲ್ ಎಲ್ಸ್‌ಬರ್ಗ್ ಅವರಿಗೆ ‘ಏಕೆ ಮಾಡಿದಿರಿ’ ಎಂದು ಅವರ ವಕೀಲರು ಕೇಳಿದಾಗ, ಆ ಪ್ರಶ್ನೆಗೆ ಉತ್ತರಿಸಲು ನ್ಯಾಯಾಲಯ ಅವಕಾಶ ಕೊಡಲಿಲ್ಲ. ಅವರ ಮೇಲಿನ ಮೊಕದ್ದಮೆ 1973ರಲ್ಲಿ ಬಿದ್ದುಹೋದದ್ದು ಸರ್ಕಾರವೇ ಅಕ್ರಮಗಳಲ್ಲಿ ಸಿಕ್ಕಿಬಿದ್ದದ್ದರಿಂದ. ಓಡಿಹೋಗದೆ ನಿಂತ ಆ ಎಲ್ಸ್‌ಬರ್ಗ್ ಅವರೇ, ಸ್ನೋಡೆನ್ ದೇಶ ಬಿಟ್ಟದ್ದು ಸರಿ ಎಂದು 2013ರಲ್ಲಿ ಬರೆದರು. ಗಾಂಧೀಜಿಯ ದಾರಿ ಗಾಂಧೀಜಿಗೆ ಸಿಕ್ಕಿದಂಥ ಕಟಕಟೆಯನ್ನೂ ಬೇಡುತ್ತದೆ.

ಓಡಿದ್ದರಿಂದಲೇ ಒಬ್ಬ ದ್ರೋಹಿಯಾಗುತ್ತಾನೆ ಎಂದು ಹೇಳುವ ಮೊದಲು ನಾವು, ಅದರಲ್ಲೂ ಈ ದೇಶದವರು, ತುಸು ತಡೆಯಬೇಕು. 1941ರಲ್ಲಿ ಕಲ್ಕತ್ತೆಯ ಗೃಹಬಂಧನದಿಂದ ತಪ್ಪಿಸಿಕೊಂಡು, ಕಾಬೂಲು ಮಾಸ್ಕೋಗಳ ಮೂಲಕ ಬರ್ಲಿನ್ ಸೇರಿದ ಸುಭಾಷರ ಚಿತ್ರ ನಮ್ಮ ಶಾಲೆಗಳ ಗೋಡೆಗಳ ಮೇಲೆ ಗಾಂಧೀಜಿಯ ಪಕ್ಕದಲ್ಲೇ ಇದೆ. ಇಬ್ಬರನ್ನೂ ಸ್ನೋಡೆನ್ ಅವರಿಗೆ ಸರಿಗಟ್ಟುತ್ತಿಲ್ಲ. ಓಟವೊಂದರಿಂದಲೇ ತೀರ್ಪು ಕೊಡುವ ಪದ್ಧತಿ ನಮ್ಮದಲ್ಲ ಎನ್ನುತ್ತಿದ್ದೇನೆ, ಅಷ್ಟೆ. ರಷ್ಯಾದಲ್ಲಿ ನೆಲೆಸಬೇಕೆಂದೇ ಸ್ನೋಡೆನ್ ಹೊರಟಿದ್ದರು ಎಂಬುದಕ್ಕೂ ಆಧಾರ ಸಾಲದು. ಹಾಂಗ್‌ಕಾಂಗ್‌ನಿಂದ ಮಾಸ್ಕೋಗೆ ಬಂದಿಳಿಯುವ ಹೊತ್ತಿಗೆ ಅಮೆರಿಕ ಅವರ ಪಾಸ್‌ಪೋರ್ಟನ್ನು ರದ್ದುಪಡಿಸಿತ್ತು. ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲಿ ಅವರು ಐದು ವಾರಕ್ಕೂ ಹೆಚ್ಚು ಕಾಲ ಸಿಕ್ಕಿಹಾಕಿಕೊಂಡಿದ್ದರು.

ಹಾಗೆಂದು ಅವರು ಮಾಡಿದ್ದನ್ನೆಲ್ಲ ಸಮರ್ಥಿಸಲಾರೆ. ಚೀನಾ ಮತ್ತು ಹಾಂಗ್‌ಕಾಂಗ್‌ನ ಕಂಪ್ಯೂಟರುಗಳೊಳಗೆ ಎನ್‌ಎಸ್‌ಎ ನುಸುಳುತ್ತಿದ್ದ ಬಗ್ಗೆ ಅವರು ಅಲ್ಲಿನ ಪತ್ರಿಕೆಗೆ ಹೇಳಿದ್ದು ಯಾವ ಅಮೆರಿಕನ್ ನಾಗರಿಕನ ಹಕ್ಕಿಗೂ ಸಂಬಂಧಪಟ್ಟದ್ದಲ್ಲ. ಅದು ಅನವಶ್ಯಕವಾಗಿತ್ತು, ತಪ್ಪೂ ಆಗಿತ್ತು. ಸುಮಾರು 15 ಲಕ್ಷ ದಾಖಲೆಗಳನ್ನು ಅವರು ಕೊಂಡೊಯ್ದರು, ಅವುಗಳಲ್ಲಿ ಹೆಚ್ಚಿನವಕ್ಕೂ ಜನರ ಖಾಸಗಿತನಕ್ಕೂ ಸಂಬಂಧವಿಲ್ಲ ಎಂಬ ಅಮೆರಿಕದ ಪ್ರತಿನಿಧಿ ಸಭೆಯ ಗುಪ್ತಚರ ಸಮಿತಿಯ 2016ರ ಆರೋಪವನ್ನು ನಮ್ಮ ಲೇಖನ ಪ್ರಸ್ತಾಪಿಸಲೇ ಇಲ್ಲ. ಪ್ರಸ್ತಾಪಿಸಬೇಕಿತ್ತು. ಉಕ್ರೇನಿನ ಮೇಲೆ ಯುದ್ಧ ಸಾಗಿದ್ದಾಗಲೇ, 2022ರ ಸೆಪ್ಟೆಂಬರಿನಲ್ಲಿ, ಪುಟಿನ್ ಸಹಿ ಹಾಕಿದ ಆಜ್ಞೆಯಿಂದ ಅವರು ರಷ್ಯಾದ ಪ್ರಜೆಯಾದದ್ದು ಅವರನ್ನು ಮೆಚ್ಚಿದ ನನ್ನಂಥವರಿಗೆ ಇಂದಿಗೂ ನುಂಗಲಾರದ ತುತ್ತು.

ಆದರೆ ಸಾಕ್ಷಿಯ ನಡತೆ ಬೇರೆ, ಸಾಕ್ಷ್ಯದ ಸತ್ಯ ಬೇರೆ. ಕರೆ ವಿವರಗಳ ಈ ರಾಶಿ ಒಂದೇ ಒಂದು ಭಯೋತ್ಪಾದನೆ ತನಿಖೆಯ ಫಲಿತಾಂಶವನ್ನಾದರೂ ಬದಲಿಸಿದ ನಿದರ್ಶನ ತಮಗೆ ಸಿಗಲಿಲ್ಲವೆಂದು 2014ರ ಜನವರಿಯಲ್ಲಿ ಹೇಳಿದ್ದು ಅಮೆರಿಕದ ಸರ್ಕಾರಿ ಮೇಲ್ವಿಚಾರಣಾ ಮಂಡಳಿಯೇ. ಈ ಸಂಗ್ರಹಕ್ಕೆ ಕಾನೂನಿನ ಆಧಾರವಿಲ್ಲವೆಂದು 2015ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಮುಂದಿನ ತಿಂಗಳೇ ಅಲ್ಲಿನ ಸಂಸತ್ತು ಕಾನೂನು ಬದಲಿಸಿತು.

ಇನ್ನು ಮನೆಜಗಳದ ಮಾತು. ಎನ್‌ಎಸ್‌ಎ ತಾನೇ ತಯಾರಿಸಿಕೊಂಡಿದ್ದ ಲೆಕ್ಕದ ಪ್ರಕಾರ, 2013ರ ಮಾರ್ಚ್ ಒಂದೇ ತಿಂಗಳಲ್ಲಿ ಭಾರತದಿಂದ ಸಂಗ್ರಹಿಸಿದ ಮಾಹಿತಿಯ ತುಣುಕುಗಳು 630 ಕೋಟಿ. ಹೆಚ್ಚು ಮಾಹಿತಿ ಎತ್ತಿದ ದೇಶಗಳಲ್ಲಿ ನಮ್ಮದು ಐದನೆಯದು. ಆ ಸಂಸ್ಥೆ ನಿಗಾ ಇಡಲು 2010ರಲ್ಲಿ ಅನುಮತಿ ಪಡೆದ ವಿದೇಶಿ ರಾಜಕೀಯ ಪಕ್ಷಗಳ ಪಟ್ಟಿಯಲ್ಲಿ ಭಾರತೀಯ ಜನತಾ ಪಕ್ಷದ ಹೆಸರಿತ್ತು; ಅದು ಪ್ರಕಟವಾದ ಮೇಲೆ 2014ರಲ್ಲಿ ನಮ್ಮ ಸರ್ಕಾರ ಅಮೆರಿಕದ ರಾಜತಾಂತ್ರಿಕರನ್ನು ಕರೆಸಿ ಆಕ್ಷೇಪಿಸಿತು. ಅದನ್ನು ತಿಳಿಸಿಕೊಟ್ಟವರು ಆಶ್ರಯ ಕೇಳಿದಾಗ, ಹಿಂದಿನ ಸರ್ಕಾರ 2013ರ ಜುಲೈಯಲ್ಲಿ ಇಲ್ಲವೆಂದಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದ ತೀರ್ಪು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲಿದೆ. ಜಗಳ ನಮ್ಮ ಮನೆಯದೂ ಹೌದು.

‘ಸತ್ಯಾಗ್ರಹಿ’ ಎಂಬ ಪದವನ್ನು ಹಿಂದಕ್ಕೆ ಪಡೆಯಬೇಕೆಂಬ ತಮ್ಮ ಒತ್ತಾಯವನ್ನು ಒಪ್ಪುತ್ತೇನೆ. ಶಿಕ್ಷೆಯನ್ನು ತಾನಾಗಿ ಬರಮಾಡಿಕೊಳ್ಳುವುದು ಆ ಪದದ ಜೀವ. ಸ್ನೋಡೆನ್ ಹಾಗೆ ಮಾಡಲಿಲ್ಲ, ಮಾಡದಿರಲು ಕಾರಣಗಳಿದ್ದವು ಎಂಬುದು ಬೇರೆ ವಿಷಯ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ. ‘ದೇಶದ್ರೋಹಿ’ ಎಂಬ ತಮ್ಮ ಪದವನ್ನು ಮಾತ್ರ ಒಪ್ಪಲಾರೆ. ಪತ್ರದ ಮೂರನೆಯ ಪುಟದಲ್ಲಿ ಎಕ್ಸ್‌ಚೇಂಜಿನ ರಾತ್ರಿ ಪಾಳಿಯ ಬಗ್ಗೆ ತಾವು ಬರೆದ ಹತ್ತು ಸಾಲುಗಳನ್ನು ಹಿಗ್ಗಿಸಿ ನಮಗೊಂದು ಲೇಖನ ಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಸಂಪಾದಕ